ರಾಜ್ಯಾಂಗದ ಮೂಲವೂ ಭಾಷ್ಯವೂ ತಿದ್ದುಪಡಿಯೂ

(ಆದಿ ಉಡುಪಿಯಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಓದಿದ ಉಪನ್ಯಾಸ)



ಮಠವೊಂದರ ಮಹೋತ್ಸವದ ನಿಮಿತ್ತವಾಗಿ ನೆರೆದ ಸಭೆಯಲ್ಲಿ ರಾಜ್ಯಾಂಗದ ಪ್ರಸ್ತಾಪವೇಕೆಂದು ಕೆಲವರಿಗೆ ಸಂಶಯ ತೋರಬಹುದು. ಪೂಜೆ, ಜಪ, ದಾಸೋಹಗಳ ವಿಚಾರವನ್ನು ಕೇಳಬಂದವರಿಗೆ ನ್ಯಾಯಸ್ಥಾನದ ತೀರ್ಪುಗಳೂ ಶಾಸನಸಭೆಯ ನಿರ್ಣಯಗಳೂ ಶುಷ್ಕವಾಗಿ ಕಾಣುವುದು ಸಹಜವೇ ಸರಿ. ಆದರೆ ಭಾರತದ ರಾಜ್ಯಾಂಗದ ಮಾತಿಗೆ ಅರ್ಥ ಹೇಳತಕ್ಕವರು ಯಾರು, ಆ ಮಾತನ್ನೇ ತಿದ್ದುವ ಅಧಿಕಾರ ಎಷ್ಟರ ಮಟ್ಟಿನದು ಎಂಬ ಎರಡು ಮಹಾಪ್ರಶ್ನೆಗಳು ದೇಶದ ವರಿಷ್ಠ ನ್ಯಾಯಾಲಯದಲ್ಲಿ ಮಥನಗೊಂಡುದು ಎರಡು ಮಠಗಳ ನಿಮಿತ್ತವಾಗಿಯೇ. ಅವುಗಳಲ್ಲಿ ಒಂದು, ಈ ಆದಿ ಉಡುಪಿಯಿಂದ ಕಾಲ್ನಡಿಗೆಯಲ್ಲಿ ಹೋಗಬಹುದಾದ ರಥಬೀದಿಯ ಶೀರೂರು ಮಠ. ಇನ್ನೊಂದು, ಕಾಸರಗೋಡು ಸೀಮೆಯ ಎಡನೀರು ಮಠ. 1956ನೆಯ ಇಸವಿ ನವೆಂಬರ್ 1ನೆಯ ತಾರೀಖಿನ ವರೆಗೆ ಉಡುಪಿಯೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳಾಗಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿದ್ದವು. ಆ ಬಳಿಕ ಒಂದು ಮೈಸೂರಿಗೂ ಮತ್ತೊಂದು ಕೇರಳಕ್ಕೂ ಸೇರಿದವು. ಈ ಎರಡನೆಯ ವ್ಯಾಜ್ಯವನ್ನು ತೀರ್ಮಾನಿಸಿದ ಹದಿಮೂರು ಮಂದಿ ನ್ಯಾಯಮೂರ್ತಿಗಳಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದವರು. ಹೀಗಿರುವಲ್ಲಿ ಈ ವಿಷಯವು ದೂರದ ದಿಲ್ಲಿಯದಲ್ಲ. ಈ ನೆಲದ್ದೇ ಆಗಿದೆ.

ಮೊದಲು ಪ್ರಶ್ನೆಯ ಸ್ವರೂಪವನ್ನು ತಿಳಿಯಬೇಕು. ಯಾವ ಗ್ರಂಥವೇ ಆಗಲಿ, ಅದು ಕಾಲಾಂತರದಲ್ಲಿ ಎರಡು ಬಗೆಯಿಂದ ಹೊಸ ಅರ್ಥವನ್ನು ಪಡೆಯುತ್ತದೆ. ಅಕ್ಷರವು ಹಾಗೆಯೇ ಇದ್ದು ವ್ಯಾಖ್ಯಾನಕಾರನು ಅರ್ಥವನ್ನು ವಿಸ್ತರಿಸುವುದೊಂದು; ಅಕ್ಷರವನ್ನೇ ಕೂಡಿಸಿ ಕಳೆದು ಬದಲಿಸುವುದು ಇನ್ನೊಂದು. ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವರಿಗೆ ಈ ಭೇದ ಹೊಸದಲ್ಲ. ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ರಚಿಸಿದನು. ಸೂತ್ರದಲ್ಲಿ ಹೇಳಿದುದನ್ನೂ ಹೇಳದೆ ಬಿಟ್ಟುದನ್ನೂ ಸರಿಯಾಗಿ ಹೇಳದಿದ್ದುದನ್ನೂ ಪರೀಕ್ಷಿಸಿ ಕಾತ್ಯಾಯನನು ವಾರ್ತಿಕಗಳನ್ನು ಕೂಡಿಸಿದನು; ಇದು ತಿದ್ದುಪಡಿಯ ಮಾರ್ಗ. ಅನಂತರ ಬಂದ ಪತಂಜಲಿಯು ಮಹಾಭಾಷ್ಯದಲ್ಲಿ, ವಾರ್ತಿಕವಿಲ್ಲದೆಯೇ ಮೂಲಸೂತ್ರದಿಂದ ಆ ಅರ್ಥವು ಸಿದ್ಧಿಸುವುದೆಂದು ಅನೇಕ ಕಡೆಗಳಲ್ಲಿ ತೋರಿಸಿಕೊಟ್ಟನು. ಇದು ಭಾಷ್ಯದ ಮಾರ್ಗ. ಮೂವರನ್ನೂ ವೈಯಾಕರಣರು ಮುನಿತ್ರಯವೆಂದು ಪೂಜಿಸುತ್ತಾರಲ್ಲದೆ ಒಬ್ಬರನ್ನು ಹಿಡಿದು ಮತ್ತೊಬ್ಬರನ್ನು ಬಿಡುವುದಿಲ್ಲ.

ವ್ಯವಹಾರಶಾಸ್ತ್ರದಲ್ಲಿ ಇದಕ್ಕಿಂತಲೂ ಹತ್ತಿರದ ದೃಷ್ಟಾಂತವು ಕನ್ನಡನಾಡಿನಲ್ಲಿಯೇ ಉಂಟು. ಶರಣರ ಪಾದಸ್ಪರ್ಶದಿಂದ ಪುನೀತವಾದ ಕಲ್ಯಾಣಪಟ್ಟಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದರಲ್ಲಿ 'ಸಪಿಂಡ' ಎಂಬ ಒಂದು ಮಾತಿಗೆ ಅವನು ಮಾಡಿದ ಅರ್ಥವೇ ಮುಖ್ಯವಾದುದು. ಪಿಂಡವೆಂದರೆ ಶರೀರ, ಒಂದೇ ಶರೀರದ ಅವಯವಸಂಬಂಧವುಳ್ಳವರು ಸಪಿಂಡರು ಎಂದು ಅವನು ನಿರ್ಣಯಿಸಿದನು. ಬಂಗಾಳದ ಜೀಮೂತವಾಹನನಾದರೋ ದಾಯಭಾಗದಲ್ಲಿ ಪಿತೃಗಳಿಗೆ ಇಕ್ಕುವ ಪಿಂಡದ ಸಂಬಂಧವನ್ನು ಹಿಡಿದು ದಾಯಕ್ರಮವನ್ನು ಹೇಳಿದನು. ಸ್ಮೃತಿಯ ಪರಂಪರೆ ಒಂದೇ, ಮಾತೂ ಒಂದೇ. ಆದರೆ ಅರ್ಥಭೇದದಿಂದ ಬಂಗಾಳದ ಮನೆಗಳಲ್ಲಿ ಆಸ್ತಿಯು ಇಳಿದು ಬಂದ ರೀತಿಯೇ ಬೇರೆ, ಕರ್ಣಾಟಕದ ಮನೆಗಳಲ್ಲಿ ಬಂದ ರೀತಿಯೇ ಬೇರೆಯಾಯಿತು. ವ್ಯಾಖ್ಯಾನವೆಂಬುದು ಬರಿಯ ಪಂಡಿತರ ವಿನೋದವಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಆದರೂ ವ್ಯಾಖ್ಯಾನವು ಮುಟ್ಟಲಾರದ ಎಡೆಯೊಂದಿತ್ತು. ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದ ಹಕ್ಕುಂಟೆಂಬುದನ್ನು ಯಾವ ವ್ಯಾಖ್ಯಾನವೂ ತರಲಿಲ್ಲ. ಅದು ಬಂದುದು ಶಾಸನದ ತಿದ್ದುಪಡಿಯಿಂದ. ಕರ್ಣಾಟಕದಲ್ಲಿ 1994ರಲ್ಲಿಯೂ, ದೇಶಕ್ಕೆಲ್ಲ 2005ರಲ್ಲಿಯೂ. ಆದುದರಿಂದ ಎರಡು ಮಾರ್ಗಗಳಿಗೂ ತಮ್ಮ ತಮ್ಮ ಸ್ಥಾನಗಳುಂಟು.

ಇನ್ನು ರಾಜ್ಯಾಂಗದ ಮಾತಿಗೆ ಬರುವುದು. 1949ನೆಯ ಇಸವಿ ನವೆಂಬರ್ 26ರಂದು ಅಂಗೀಕೃತವಾಗಿ 1950ನೆಯ ಇಸವಿ ಜನವರಿ 26ರಿಂದ ಸಂಪೂರ್ಣವಾಗಿ ಜಾರಿಗೆ ಬಂದ ಆ ಗ್ರಂಥದ ಮೊದಲ ಕರಡನ್ನು ಸಿದ್ಧಪಡಿಸಿದ ಸಲಹೆಗಾರರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು. ಆ ಕರಡನ್ನು ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಸಮಿತಿಯು ಪರಿಷ್ಕರಿಸಿತು. ಗ್ರಂಥದ 368ನೆಯ ವಿಧಿಯಲ್ಲಿ ತಿದ್ದುಪಡಿಯ ಕ್ರಮವನ್ನು ಹೇಳಿದೆ. ಸಂಸತ್ತಿನ ಪ್ರತಿಯೊಂದು ಸದನದಲ್ಲಿಯೂ ಒಟ್ಟು ಸದಸ್ಯರ ಬಹುಮತವಿರಬೇಕು. ಹಾಜರಿದ್ದು ಮತ ಕೊಡುವವರಲ್ಲಿ ಮೂರನೆಯ ಎರಡು ಪಾಲಿಗೆ ಕಡಿಮೆಯಿಲ್ಲದವರು ಒಪ್ಪಿರಬೇಕು. ಕೆಲವು ವಿಷಯಗಳಲ್ಲಿ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಅನುಮೋದಿಸಬೇಕು. 2023ರ ವರೆಗೆ ಈ ಕ್ರಮದಿಂದ 106 ತಿದ್ದುಪಡಿಗಳಾಗಿವೆ. ಅಮೆರಿಕಾ ದೇಶದ ರಾಜ್ಯಾಂಗವು 1789ರಿಂದ ನಡೆಯುತ್ತಿದ್ದರೂ ಅದಕ್ಕಾದ ತಿದ್ದುಪಡಿಗಳು ಕೇವಲ 27. ಅಲ್ಲಿ ತಿದ್ದುವುದು ಬಹು ಕಷ್ಟವಾದುದರಿಂದ ಭಾಷ್ಯದ ಭಾರವೆಲ್ಲ ನ್ಯಾಯಾಧೀಶರ ಹೆಗಲ ಮೇಲೆ ಬಿದ್ದಿತು. ಇಲ್ಲಿ ತಿದ್ದುವುದು ಅಷ್ಟು ಕಷ್ಟವಲ್ಲದುದರಿಂದ ತಿದ್ದುವವರ ಕೈಗೆ ಮಿತಿಯುಂಟೇ ಎಂಬ ಪ್ರಶ್ನೆಯೇ ಮುಂದಾಯಿತು.

ಭಾಷ್ಯದ ಮಾರ್ಗಕ್ಕೆ ನಿದರ್ಶನವಾಗಿ ಶೀರೂರು ಮಠದ ವ್ಯಾಜ್ಯವನ್ನು ಮೊದಲು ನೋಡಬೇಕು. ಉಡುಪಿಯ ಅಷ್ಟಮಠಗಳಲ್ಲಿ ಪ್ರತಿಯೊಂದಕ್ಕೂ ಹದಿನಾರು ವರ್ಷಗಳಿಗೊಮ್ಮೆ ಎರಡು ವರ್ಷಗಳ ಕಾಲ ಶ್ರೀಕೃಷ್ಣಪೂಜೆಯ ಪರ್ಯಾಯವು ಬರುವುದಷ್ಟೆ. ಮೊದಲು ಎರಡೆರಡು ತಿಂಗಳಾಗಿದ್ದ ಆ ಪರ್ಯಾಯವನ್ನು ಶ್ರೀ ವಾದಿರಾಜರು ಎರಡು ವರ್ಷಗಳಾಗಿ ಮಾರ್ಪಡಿಸಿದರೆಂಬುದು ಸಂಪ್ರದಾಯಪ್ರಸಿದ್ಧವಾದ ಮಾತು. ಎಂಟು ಮಠಗಳೂ ಒಪ್ಪಿ ನಡೆಸಿಕೊಂಡು ಬಂದ ತಿದ್ದುಪಡಿಯಿದು. ಪರ್ಯಾಯದಲ್ಲಿ ಅನ್ನಸಂತರ್ಪಣೆಯು ಎಡೆಬಿಡದೆ ನಡೆಯಬೇಕು. ಶೀರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರ ಎರಡನೆಯ ಪರ್ಯಾಯವು ಬಂದುದು 1946ರಲ್ಲಿ, ಧಾನ್ಯದ ಅಭಾವವೂ ಬೆಲೆಯ ಏರಿಕೆಯೂ ಕೂಡಿದ್ದ ಕಾಲದಲ್ಲಿ. ಮಠದ ಮೇಲೆ ಸಾಲ ಬೆಳೆಯಿತು. ಧರ್ಮದಾಯ ಮಂಡಲಿಯವರು ಆಡಳಿತದಲ್ಲಿ ಕೈಯಿಕ್ಕಿದರು. ಅಷ್ಟರಲ್ಲಿ ಮದ್ರಾಸು ಸರ್ಕಾರವು 1951ರಲ್ಲಿ ಹಿಂದೂ ಧಾರ್ಮಿಕ ಹಾಗೂ ಧರ್ಮಾರ್ಥ ದತ್ತಿಗಳ ಹೊಸ ಕಾನೂನನ್ನು ತಂದಿತು. ಶ್ರೀಗಳು ನ್ಯಾಯಸ್ಥಾನದ ಮೊರೆಹೊಕ್ಕರು. ವ್ಯಾಜ್ಯವು ಮದ್ರಾಸಿನಿಂದ ದಿಲ್ಲಿಗೆ ಹೋಗಿ, 1954ನೆಯ ಇಸವಿ ಮಾರ್ಚ್ 16ರಂದು ವರಿಷ್ಠ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ಅದನ್ನು ಬರೆದವರು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು.

ರಾಜ್ಯಾಂಗದ 26ನೆಯ ವಿಧಿಯಲ್ಲಿ, ಮತಸಂಪ್ರದಾಯದವರಿಗೆ ಧರ್ಮದ ವಿಷಯಗಳಲ್ಲಿ ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವ ಹಕ್ಕುಂಟೆಂದಿದೆ. ಆದರೆ ಧರ್ಮದ ವಿಷಯವೆಂದರೆ ಯಾವುದು? ಮನಸ್ಸಿನ ನಂಬಿಕೆಯಷ್ಟೆಯೋ, ಅಥವಾ ಪೂಜೆ, ನೈವೇದ್ಯ, ಉಡುಗೆ, ಊಟಗಳ ನಿಯಮವೂ ಸೇರಿದುದೋ? ಮೂಲದಲ್ಲಿ ಇದಕ್ಕೆ ಉತ್ತರವಿಲ್ಲ. ನಂಬಿಕೆಯಂತೆ ಆಚರಣೆಯೂ ಧರ್ಮವೇ. ಒಂದು ಧರ್ಮದ ಅವಶ್ಯವಾದ ಅಂಗವಾವುದೆಂಬುದನ್ನು ಆ ಧರ್ಮದ ಸಿದ್ಧಾಂತವನ್ನೇ ನೋಡಿ ತಿಳಿಯತಕ್ಕದ್ದು ಎಂದು ನ್ಯಾಯಾಲಯವು ನಿರ್ಣಯಿಸಿತು. ಮಠವೂ ಈ ವಿಧಿಯ ರಕ್ಷಣೆಗೆ ಒಳಪಟ್ಟುದೆಂದು ಹೇಳಿತು. ಅಧಿಕಾರಿಗಳು ತಡೆಯಿಲ್ಲದೆ ಮಠದೊಳಗೆ ಎಲ್ಲಿಗಾದರೂ ಪ್ರವೇಶಿಸಬಹುದೆಂಬ ವಿಧಿಯನ್ನು ಅಸಿಂಧುಗೊಳಿಸಿತು. ಮಠದ ಆದಾಯದಲ್ಲಿ ನೂರಕ್ಕೆ ಐದರ ವರೆಗೆ ವಸೂಲು ಮಾಡಬಹುದೆಂಬ ವಂತಿಗೆಯು ಹೆಸರಿಗೆ ಶುಲ್ಕವಾದರೂ ವಸ್ತುತಃ ತೆರಿಗೆಯೆಂದು ಹೇಳಿ ಅದನ್ನೂ ತೆಗೆದುಹಾಕಿತು. ಆಸ್ತಿಯ ಲೌಕಿಕ ಆಡಳಿತವನ್ನು ಸರ್ಕಾರವು ಕಾನೂನಿನಿಂದ ನಿಯಂತ್ರಿಸಬಹುದೆಂಬುದನ್ನು ಮಾತ್ರ ಎತ್ತಿಹಿಡಿಯಿತು. ರಾಜ್ಯಾಂಗದ ಒಂದಕ್ಷರವೂ ಬದಲಾಗಲಿಲ್ಲ. ಆದರೂ ದೇಶದ ಸಮಸ್ತ ಮಠಗಳ, ಮಂದಿರಗಳ, ಮಸೀದಿಗಳ ಸ್ಥಿತಿಯು ಅಂದಿನಿಂದ ಒಂದು ಖಚಿತರೂಪವನ್ನು ಪಡೆಯಿತು.

ಇದಾದ ಮೂರು ವರ್ಷಗಳಿಗೆ, 1957ರಲ್ಲಿ, ಕಾಪುವಿನಿಂದ ದಕ್ಷಿಣಕ್ಕಿರುವ ಮೂಲ್ಕಿಯ ಶ್ರೀ ವೆಂಕಟರಮಣ ದೇವಸ್ಥಾನದ ವ್ಯಾಜ್ಯವು ಅದೇ ನ್ಯಾಯಾಲಯದ ಮುಂದೆ ಬಂದಿತು. ಅದು ಗೌಡ ಸಾರಸ್ವತ ಸಮಾಜದ ದೇವಸ್ಥಾನ. ಹರಿಜನಾದಿ ಸಮಸ್ತ ಹಿಂದೂಗಳಿಗೂ ದೇವಾಲಯದ ಬಾಗಿಲು ತೆರೆಯಬೇಕೆಂಬ ಮದ್ರಾಸಿನ 1947ರ ಶಾಸನವು ಅದಕ್ಕೆ ಸಲ್ಲುವುದೇ ಎಂಬುದು ವಿವಾದ. 26ನೆಯ ವಿಧಿಯು ಸಂಪ್ರದಾಯದ ಹಕ್ಕನ್ನು ಹೇಳುತ್ತದೆ. 25ನೆಯ ವಿಧಿಯು ಸಾರ್ವಜನಿಕ ದೇವಾಲಯಗಳನ್ನು ಎಲ್ಲ ವರ್ಗದವರಿಗೂ ತೆರೆಯುವ ಶಾಸನಕ್ಕೆ ಎಡೆಕೊಡುತ್ತದೆ. ಎರಡು ವಾಕ್ಯಗಳು ಪರಸ್ಪರ ವಿರೋಧವಾಗಿ ತೋರುವಲ್ಲಿ ಒಂದನ್ನೂ ವ್ಯರ್ಥಗೊಳಿಸದೆ ಸಮನ್ವಯವನ್ನು ಹೇಳಬೇಕೆಂಬುದು ಮೀಮಾಂಸಕರ ನಿಯಮ. ನ್ಯಾಯಾಲಯವು ಮಾಡಿದುದೂ ಅದನ್ನೇ. ಎಲ್ಲರಿಗೂ ಪ್ರವೇಶವುಂಟು, ಆದರೆ ಸಂಪ್ರದಾಯದವರೇ ನಡೆಸತಕ್ಕ ಕೆಲವು ವಿಶೇಷ ಸೇವೆಗಳ ಕಾಲದಲ್ಲಿ ಅವರಿಗೆ ಪ್ರತ್ಯೇಕತೆಯುಂಟು ಎಂದು ತೀರ್ಪಾಯಿತು. ಕುಲವನ್ನು ನೋಡದೆ ಭಕ್ತಿಯನ್ನು ನೋಡಬೇಕೆಂದು ಕಲಿತವರಿಗೆ ಈ ಸಮನ್ವಯದ ಬೆಲೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ತಿದ್ದುಪಡಿಯ ಮಾರ್ಗ. ರಾಜ್ಯಾಂಗವು ಹುಟ್ಟಿ ಒಂದೂವರೆ ವರ್ಷ ತುಂಬುವ ಮೊದಲೇ ಮೊದಲನೆಯ ತಿದ್ದುಪಡಿಯು ಬಂದಿತು. ವಿದ್ಯಾಲಯಗಳಲ್ಲಿ ಜಾತಿವಾರು ಸ್ಥಾನಗಳನ್ನು ಹಂಚುತ್ತಿದ್ದ ಮದ್ರಾಸು ಸರ್ಕಾರದ ಆಜ್ಞೆಯನ್ನು ಚಂಪಕಂ ದೊರೈರಾಜನ್ ಎಂಬವರ ಅರ್ಜಿಯ ಮೇಲೆ ವರಿಷ್ಠ ನ್ಯಾಯಾಲಯವು 1951ರ ಏಪ್ರಿಲಿನಲ್ಲಿ ರದ್ದುಗೊಳಿಸಿತು. ಮೂಲದ ಅಕ್ಷರವು ಸ್ಪಷ್ಟವಾಗಿದ್ದುದರಿಂದ ನ್ಯಾಯಾಧೀಶರು ಬೇರೆ ಅರ್ಥ ಹೇಳಲಿಲ್ಲ. ಅಕ್ಷರವೇ ಸಾಲದೆಂದು ಕಂಡು ಸಂಸತ್ತು ಅದೇ ವರ್ಷದ ಜೂನಿನಲ್ಲಿ 15ನೆಯ ವಿಧಿಗೆ ನಾಲ್ಕನೆಯ ಉಪವಿಧಿಯನ್ನು ಕೂಡಿಸಿ, ಹಿಂದುಳಿದವರ ಉನ್ನತಿಗಾಗಿ ವಿಶೇಷ ಏರ್ಪಾಡುಗಳನ್ನು ಮಾಡಬಹುದೆಂದು ವಿಧಿಸಿತು. ನ್ಯಾಯಾಲಯವು ಓದಬೇಕಾದುದನ್ನು ಓದಿತು; ಸಂಸತ್ತು ತಿದ್ದಬೇಕಾದುದನ್ನು ತಿದ್ದಿತು. ಇದು ಎರಡು ಮಾರ್ಗಗಳೂ ತಮ್ಮ ತಮ್ಮ ಮೇರೆಯಲ್ಲಿ ನಡೆದುದಕ್ಕೆ ಸುಂದರವಾದ ದೃಷ್ಟಾಂತ.

ಆದರೆ ಅದೇ ತಿದ್ದುಪಡಿಯಲ್ಲಿ ಒಂಬತ್ತನೆಯ ಅನುಸೂಚಿ ಎಂಬುದೊಂದನ್ನು ಸೇರಿಸಲಾಯಿತು. ಭೂಸುಧಾರಣೆಯ ಯಾವ ಕಾನೂನನ್ನು ಅದರೊಳಗೆ ಇಟ್ಟರೋ ಅದನ್ನು ಮೂಲಭೂತ ಹಕ್ಕುಗಳಿಗೆ ವಿರುದ್ಧವೆಂದು ನ್ಯಾಯಾಲಯವು ತೆಗೆದುಹಾಕುವಂತಿರಲಿಲ್ಲ. ಇದರ ಉದ್ದೇಶವು ಹೀನವಾದುದಲ್ಲ. ಈ ಕರಾವಳಿಯಲ್ಲಿ ಗೇಣಿಯ ಕಷ್ಟವನ್ನು ಬಲ್ಲ ಹಿರಿಯರು ಹಲವರುಂಟು. ಮಳೆಗಾಲವೆಲ್ಲ ಕೆಸರಿನಲ್ಲಿ ನಿಂತು ಬೆಳೆದ ಒಕ್ಕಲು, ಮುಡಿಗಟ್ಟಿ ಅಕ್ಕಿಯನ್ನು ಧಣಿಯ ಮನೆಗೋ ಮಠದ ಉಗ್ರಾಣಕ್ಕೋ ಅಳೆದು, ತನ್ನ ಮಕ್ಕಳಿಗೆ ಗಂಜಿಯನ್ನು ಹುಡುಕುತ್ತಿದ್ದ ಕಾಲವದು. ಚಾಲಗೇಣಿಯವನಿಗೆ ನೆಲದಲ್ಲಿ ನೆಲೆಯಿರಲಿಲ್ಲ. ಆ ಅನ್ಯಾಯವನ್ನು ನೀಗಲು ಕಾನೂನು ಅವಶ್ಯವಾಗಿತ್ತೆಂಬುದನ್ನು ಭೂಮಿಯನ್ನು ಕಳೆದುಕೊಂಡ ಮಠಗಳವರೂ ಧರ್ಮದೃಷ್ಟಿಯಿಂದ ಅಲ್ಲಗಳೆಯಲಾರರು. ಪ್ರಶ್ನೆಯು ಬೇರೆ. ಒಂದು ಒಳ್ಳೆಯ ಕಾರ್ಯಕ್ಕಾಗಿ ಪಡೆದ ಅಧಿಕಾರವು ಎಲ್ಲಿ ನಿಲ್ಲುತ್ತದೆ ಎಂಬುದು.

1951ರಲ್ಲಿಯೂ 1964ರಲ್ಲಿಯೂ ಸಂಸತ್ತಿನ ತಿದ್ದುಪಡಿಯ ಅಧಿಕಾರವನ್ನು ನ್ಯಾಯಾಲಯವು ಮನ್ನಿಸಿತ್ತು. 1967ನೆಯ ಇಸವಿ ಫೆಬ್ರವರಿ 27ರಂದು ಗೋಲಕನಾಥರ ವ್ಯಾಜ್ಯದಲ್ಲಿ, ಹನ್ನೊಂದು ಮಂದಿಯಲ್ಲಿ ಆರು ಮಂದಿಯ ಬಹುಮತದಿಂದ, ಮೂಲಭೂತ ಹಕ್ಕುಗಳನ್ನು ಸಂಸತ್ತು ಕಿರಿದುಗೊಳಿಸಲಾರದೆಂಬ ತೀರ್ಪು ಬಂದಿತು. ಮೈಸೂರಿನ ಭೂಸುಧಾರಣೆಯ ಶಾಸನವನ್ನು ಆಕ್ಷೇಪಿಸಿದ ಅರ್ಜಿಗಳೂ ಅದರೊಡನೆಯೇ ವಿಚಾರಣೆಗೆ ಬಂದಿದ್ದವು. ಇದಕ್ಕೆ ಪ್ರತಿಯಾಗಿ ಸಂಸತ್ತು 1971ರಲ್ಲಿ 24ನೆಯ ತಿದ್ದುಪಡಿಯನ್ನು ಮಾಡಿ, ರಾಜ್ಯಾಂಗದ ಯಾವ ಭಾಗವನ್ನಾದರೂ ತಿದ್ದಬಹುದೆಂದು ಬರೆದುಕೊಂಡಿತು. ಭಾಷ್ಯಕ್ಕೂ ತಿದ್ದುಪಡಿಗೂ ಹೀಗೆ ಸ್ಪರ್ಧೆಯು ಬೆಳೆದು, ನಿರ್ಣಾಯಕವಾದ ವ್ಯಾಜ್ಯವೊಂದನ್ನು ದೇಶವು ಎದುರುನೋಡುತ್ತಿರುವಾಗ ಅದು ಬಂದುದು ಎಡನೀರಿನಿಂದ.

ಎಡನೀರು ಮಠವು ತೋಟಕಾಚಾರ್ಯರ ಪರಂಪರೆಗೆ ಸೇರಿದ ಅದ್ವೈತ ಪೀಠ. ಕನ್ನಡದ ಪಾಠಪ್ರವಚನಗಳಿಗೂ ಯಕ್ಷಗಾನಕ್ಕೂ ಆಶ್ರಯವಾದ ಸ್ಥಾನ. 1940ರಲ್ಲಿ ಜನಿಸಿದ ಶ್ರೀ ಕೇಶವಾನಂದ ಭಾರತಿಯವರು 1960ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಪೀಠವನ್ನೇರಿದರು. ಕೇರಳದ 1963ರ ಭೂಸುಧಾರಣೆಯ ಕಾನೂನು, 1969ರಲ್ಲಿ ಅದಕ್ಕಾದ ತಿದ್ದುಪಡಿ, ಇವುಗಳಿಂದ ಮಠದ ಭೂಮಿಗೆ ಕುತ್ತು ಬಂದಿತು. 1970ನೆಯ ಇಸವಿ ಮಾರ್ಚ್ 21ರಂದು ಶ್ರೀಗಳ ಅರ್ಜಿಯು ವರಿಷ್ಠ ನ್ಯಾಯಾಲಯದಲ್ಲಿ ದಾಖಲಾಯಿತು. ಅವರು ಬೇಡಿದುದು ಮಠದ ಆಸ್ತಿಯ ರಕ್ಷಣೆಯನ್ನು. ಆದರೆ ವಿಚಾರಣೆಯು ನಡೆಯುವಷ್ಟರಲ್ಲಿ 24, 25 ಮತ್ತು 29ನೆಯ ತಿದ್ದುಪಡಿಗಳು ಬಂದು, ಕೇರಳದ ಕಾನೂನೂ ಒಂಬತ್ತನೆಯ ಅನುಸೂಚಿಯೊಳಗೆ ಸೇರಿ, ಒಂದು ಮಠದ ನೆಲದ ಪ್ರಶ್ನೆಯು ದೇಶದ ರಾಜ್ಯಾಂಗದ ಪ್ರಶ್ನೆಯೇ ಆಗಿ ಪರಿಣಮಿಸಿತು.

ಹದಿಮೂರು ಮಂದಿ ನ್ಯಾಯಮೂರ್ತಿಗಳು ಕುಳಿತರು. ಅಷ್ಟು ದೊಡ್ಡ ಪೀಠವು ಅದಕ್ಕೆ ಮೊದಲು ಕುಳಿತಿರಲಿಲ್ಲ. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರ ವರೆಗೆ 68 ದಿನಗಳ ವಾದವು ನಡೆಯಿತು. ಶ್ರೀಗಳ ಪಕ್ಷದಲ್ಲಿ ನಾನೀ ಪಾಲ್ಖೀವಾಲಾ ಅವರೂ, ಕೇರಳದ ಪಕ್ಷದಲ್ಲಿ ಎಚ್. ಎಂ. ಸೀರವಾಯಿ ಅವರೂ ವಾದಿಸಿದರು. 1973ನೆಯ ಇಸವಿ ಏಪ್ರಿಲ್ 24ರಂದು ತೀರ್ಪು ಹೊರಬಿದ್ದಿತು. ಏಳು ಮಂದಿಯದು ಒಂದು ಪಕ್ಷ, ಆರು ಮಂದಿಯದು ಇನ್ನೊಂದು. ಬಹುಮತದ ಸಾರವಿಷ್ಟು: ಮೂಲಭೂತ ಹಕ್ಕುಗಳೂ ಸೇರಿ ರಾಜ್ಯಾಂಗದ ಯಾವ ವಿಧಿಯನ್ನಾದರೂ ಸಂಸತ್ತು ತಿದ್ದಬಹುದು, ಗೋಲಕನಾಥರ ತೀರ್ಪು ನಿಲ್ಲುವುದಿಲ್ಲ, ಆದರೆ ರಾಜ್ಯಾಂಗದ ಮೂಲಸ್ವರೂಪವನ್ನು ಕೆಡಿಸುವ ಅಧಿಕಾರ ಸಂಸತ್ತಿಗೂ ಇಲ್ಲ.

ಇಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಹಿಡಿದ ಯುಕ್ತಿಯು ಪಾಠಶಾಲೆಯವರ ಮನಸ್ಸಿಗೆ ಬೇಗನೆ ಹತ್ತುವಂತಹುದು. ತಿದ್ದುಪಡಿಯೆಂಬ ಶಬ್ದದ ಅರ್ಥದಲ್ಲಿಯೇ ಮಿತಿಯಿದೆ ಎಂಬುದು ಅದರ ಭಾವ. ತಿದ್ದಿದ ಮೇಲೆಯೂ ಹಿಂದಿನ ಗ್ರಂಥವು ತನ್ನ ಗುರುತನ್ನು ಕಳೆದುಕೊಳ್ಳದೆ ಉಳಿದಿರಬೇಕು. ತಾಳೆಗರಿಯನ್ನು ಪ್ರತಿಮಾಡುವ ಲಿಪಿಕಾರನು ತಪ್ಪಿದ ಅಕ್ಷರವನ್ನು ಹೊಡೆದು ಮೇಲೆ ಸರಿಯಾದುದನ್ನು ಬರೆದರೆ ಅದು ತಿದ್ದುವುದು. ಗರಿಯನ್ನೇ ಒಲೆಗಿಕ್ಕಿ ಬೇರೊಂದು ಗ್ರಂಥವನ್ನು ಬರೆದು ಹಳೆಯ ಹೆಸರನ್ನಿಟ್ಟರೆ ಅದನ್ನು ಯಾರೂ ತಿದ್ದಿದನೆನ್ನುವುದಿಲ್ಲ. ಜರ್ಮನಿ ದೇಶದವರು ತಮ್ಮ 1949ರ ಮೂಲಶಾಸನದಲ್ಲಿ, ಇಂತಿಂತಹ ತತ್ತ್ವಗಳನ್ನು ತಿದ್ದುಪಡಿಯಿಂದ ಮುಟ್ಟಲಾಗದೆಂದು ಬರೆದೇ ಇಟ್ಟಿದ್ದಾರೆ. ಭಾರತದಲ್ಲಿ ಬರೆಯದೆ ಇದ್ದುದನ್ನು ಭಾಷ್ಯದಿಂದ ಹೊರತೆಗೆಯಲಾಯಿತು.

ಆ ಏಳು ಮಂದಿಯಲ್ಲಿ ಒಬ್ಬರು ಕೌಡೂರು ಸದಾನಂದ ಹೆಗ್ಡೆಯವರು. 1909ರಲ್ಲಿ ಕಾರ್ಕಳ ಸೀಮೆಯಲ್ಲಿ ಜನಿಸಿ, ಮೈಸೂರು ಉಚ್ಚ ನ್ಯಾಯಾಲಯದಲ್ಲಿಯೂ ದಿಲ್ಲಿಯ ಉಚ್ಚ ನ್ಯಾಯಾಲಯದಲ್ಲಿಯೂ ಸೇವೆ ಸಲ್ಲಿಸಿ, 1967ರಲ್ಲಿ ವರಿಷ್ಠ ನ್ಯಾಯಾಲಯವನ್ನು ಸೇರಿದ್ದರು. ನ್ಯಾಯಮೂರ್ತಿ ಮುಖರ್ಜಿಯಾ ಅವರೊಡಗೂಡಿ ಅವರು ಬರೆದ ತೀರ್ಪಿನಲ್ಲಿ ಮೂಲಸ್ವರೂಪದ ಅಂಗಗಳನ್ನು ಎಣಿಸಿ ಹೇಳಿದರು: ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ದೇಶದ ಐಕ್ಯ, ವ್ಯಕ್ತಿಸ್ವಾತಂತ್ರ್ಯದ ಸಾರಾಂಶ, ಸರ್ವರ ಕ್ಷೇಮಕ್ಕಾಗಿ ರಾಜ್ಯವನ್ನು ಕಟ್ಟಬೇಕೆಂಬ ಆದೇಶ. ಆಸ್ತಿಯ ಹಕ್ಕು ಈ ಎಣಿಕೆಯಲ್ಲಿಲ್ಲ. ಬಡವರ ಕ್ಷೇಮವು ಇದೆ. ತೀರ್ಪು ಬಂದ ಮರುದಿನವೇ, ಸೇವಾಜ್ಯೇಷ್ಠರಾದ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಗಳಾಗಿ ನಿಯಮಿಸಿದ ಪ್ರಕಟಣೆಯು ಬಂದಿತು. ಮೂವರೂ ರಾಜೀನಾಮೆಯಿತ್ತು ಹೊರಬಂದರು. ಭಾಷ್ಯವನ್ನು ಹೇಳಿದುದಕ್ಕೆ ತೆತ್ತ ಬೆಲೆಯಿದು.

ಇಲ್ಲಿ ಪೂರ್ವಪಕ್ಷವನ್ನು ಉಪೇಕ್ಷಿಸಬಾರದು. ಮೂಲಸ್ವರೂಪವೆಂಬ ಮಾತು ರಾಜ್ಯಾಂಗದಲ್ಲಿ ಎಲ್ಲಿಯೂ ಇಲ್ಲ. ಪ್ರಜೆಗಳಿಂದ ಆರಿಸಿ ಬರದ ಏಳು ಮಂದಿ, ಆರಿಸಿ ಬಂದ ನೂರಾರು ಮಂದಿಯ ಕೈಯನ್ನು ಕಟ್ಟುವುದು ಹೇಗೆ ಯುಕ್ತ? ಒಬ್ಬರ ಅಭಿಪ್ರಾಯವು ಆಚೆಗೆ ಹೊರಳಿದ್ದರೆ ದೇಶದ ಗತಿಯೇ ಬೇರೆಯಾಗುತ್ತಿತ್ತಲ್ಲವೆ? ಮತ್ತು ನ್ಯಾಯಾಧೀಶರೂ ಮನುಷ್ಯರೇ, ಅವರು ತಪ್ಪುವುದಿಲ್ಲವೆ? ಈ ಆಕ್ಷೇಪಗಳು ಬಲವಾದವೇ. ನ್ಯಾಯಾಧೀಶರು ತಪ್ಪಿದುದೂ ಉಂಟು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲಿನಲ್ಲಿ, ಸೆರೆಹಿಡಿಯಲ್ಪಟ್ಟವನು ನ್ಯಾಯಾಲಯದ ಬಾಗಿಲನ್ನು ತಟ್ಟುವಂತಿಲ್ಲವೆಂದು ಐವರಲ್ಲಿ ನಾಲ್ವರು ತೀರ್ಪಿತ್ತರು. ವಿರೋಧಿಸಿ ಬರೆದವರು ಖನ್ನಾ ಒಬ್ಬರೇ. ಆ ಭಾಷ್ಯದೋಷವನ್ನು ನೀಗಿದುದು ತಿದ್ದುಪಡಿಯೇ: 1978ರ 44ನೆಯ ತಿದ್ದುಪಡಿಯು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ರಕ್ಷಣೆಯನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದೆಂದು ವಿಧಿಸಿತು.

ಆದರೆ ಸಿದ್ಧಾಂತಪಕ್ಷದ ಬಲವೂ ಅದೇ ಕಾಲದಲ್ಲಿ ವ್ಯಕ್ತವಾಯಿತು. 1975ರ 39ನೆಯ ತಿದ್ದುಪಡಿಯಿಂದ ಪ್ರಧಾನಮಂತ್ರಿಯ ಚುನಾವಣೆಯನ್ನು ನ್ಯಾಯಸ್ಥಾನದ ವಿಚಾರಣೆಯಿಂದ ಹೊರಗಿಡಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಎಡನೀರಿನ ತೀರ್ಪನ್ನು ಆಧರಿಸಿ ನ್ಯಾಯಾಲಯವು ಆ ಭಾಗವನ್ನು ರದ್ದುಗೊಳಿಸಿತು. 1976ರ 42ನೆಯ ತಿದ್ದುಪಡಿಯು, ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದೂ ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಲಾಗದೆಂದೂ ಹೇಳಿತು. 1980ರಲ್ಲಿ ಬೆಂಗಳೂರಿನ ಮಿನರ್ವ ಗಿರಣಿಯ ವ್ಯಾಜ್ಯದಲ್ಲಿ ಅದೂ ಬಿದ್ದುಹೋಯಿತು. ಮಿತವಾದ ಅಧಿಕಾರವನ್ನು ಪಡೆದವನು ಆ ಅಧಿಕಾರದಿಂದಲೇ ತನ್ನ ಮಿತಿಯನ್ನು ಅಳಿಸಿಕೊಳ್ಳಲಾರನೆಂಬುದು ಅಲ್ಲಿಯ ತಾತ್ಪರ್ಯ. ಮಠದ ಪಾರುಪತ್ಯಗಾರನು ಮಠದ ಲೆಕ್ಕವನ್ನು ಬರೆಯುವ ಅಧಿಕಾರದಿಂದ ತಾನೇ ಮಠದ ಒಡೆಯನೆಂದು ಬರೆದುಕೊಂಡರೆ ಭಕ್ತರು ಒಪ್ಪುವರೇ?

ಇಲ್ಲಿಯೇ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ನ್ಯಾಯಪೀಠವನ್ನು ಬಿಟ್ಟು ಬಂದ ಹೆಗ್ಡೆಯವರು 1977ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆರಿಸಿಬಂದು ಆ ಸಭೆಯ ಅಧ್ಯಕ್ಷರಾದರು. 1978ರಲ್ಲಿ 44ನೆಯ ತಿದ್ದುಪಡಿಯು ಅಂಗೀಕಾರವಾದುದು ಅವರು ಸಭಾಧ್ಯಕ್ಷರಾಗಿದ್ದ ಲೋಕಸಭೆಯಲ್ಲಿ. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದುದೂ ಅದೇ ತಿದ್ದುಪಡಿ. ತಿದ್ದುಪಡಿಗೆ ಮಿತಿಯನ್ನು ಹೇಳಿದವರಲ್ಲಿ ಒಬ್ಬರೇ ತಿದ್ದುಪಡಿಯನ್ನು ಮಾಡುವ ಸಭೆಯ ಅಧ್ಯಕ್ಷರಾದರೂ ಅದರಲ್ಲಿ ವಿರೋಧವೇನೂ ಇರಲಿಲ್ಲ. ಭಾಷ್ಯವೂ ವಾರ್ತಿಕವೂ ಶತ್ರುಗಳಲ್ಲವೆಂಬುದಕ್ಕೆ ಈ ಸೀಮೆಯ ಒಬ್ಬ ಪುರುಷನ ಜೀವಿತವೇ ನಿದರ್ಶನವಾಯಿತು.

ಮುಂದೆಯೂ ಕರ್ಣಾಟಕದಿಂದ ಹೋದ ವ್ಯಾಜ್ಯಗಳು ಭಾಷ್ಯವನ್ನು ಬೆಳೆಸಿವೆ. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು ವಜಾ ಮಾಡಿದುದರಿಂದ ಹುಟ್ಟಿದ ವ್ಯಾಜ್ಯದಲ್ಲಿ, 1994ನೆಯ ಇಸವಿ ಮಾರ್ಚ್ 11ರಂದು ಒಂಬತ್ತು ಮಂದಿಯ ಪೀಠವು, ಸರ್ಕಾರದ ಬಹುಮತವನ್ನು ರಾಜಭವನದಲ್ಲಿ ಎಣಿಸದೆ ಶಾಸನಸಭೆಯಲ್ಲಿಯೇ ಪರೀಕ್ಷಿಸಬೇಕೆಂದು ಹೇಳಿತು. 356ನೆಯ ವಿಧಿಯ ಅಕ್ಷರವು ಅಂದಿಗೂ ಹಾಗೆಯೇ ಇತ್ತು. ಅದನ್ನು ಪ್ರಯೋಗಿಸುವ ರೀತಿಯು ಬದಲಾಯಿತು. ಕರ್ಣಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, 2017ನೆಯ ಇಸವಿ ಆಗಸ್ಟ್ 24ರಂದು, ಖಾಸಗಿತನವೂ ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ಏಕಕಂಠದಿಂದ ಹೇಳಿದರು. 1976ರ ಆ ತಪ್ಪಾದ ತೀರ್ಪನ್ನೂ ಅಲ್ಲಿಯೇ ತಳ್ಳಿಹಾಕಿದರು.

ಹಾಗಾದರೆ ಯಾವಾಗ ಭಾಷ್ಯ, ಯಾವಾಗ ತಿದ್ದುಪಡಿ? ಮೀಮಾಂಸಕರು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಆರನ್ನು ಹೇಳಿ, ಮೊದಲು ಹೇಳಿದುದು ಮುಂದಿನದಕ್ಕಿಂತ ಪ್ರಬಲವೆಂದು ನಿರ್ಣಯಿಸಿದ್ದಾರೆ. ನೇರವಾದ ಮಾತಿರುವಲ್ಲಿ ಸೂಚನೆಯನ್ನು ಹಿಡಿದು ಅದನ್ನು ಮೀರಬಾರದು. ಇದನ್ನು ಇಲ್ಲಿಗೆ ಅನ್ವಯಿಸಿದರೆ ಮೂರು ನಿಯಮಗಳು ದೊರೆಯುತ್ತವೆ. ಮೂಲದ ಮಾತಿಗೆ ಅರ್ಥಾವಕಾಶವಿರುವಲ್ಲಿ ಭಾಷ್ಯವು ಸಾಕು. ಶೀರೂರು, ಮೂಲ್ಕಿಗಳಲ್ಲಿ ಆದುದು ಇದು. ಮೂಲದ ಮಾತು ಸ್ಪಷ್ಟವಾಗಿದ್ದು ಕಾಲಕ್ಕೆ ಸಾಲದಾದಲ್ಲಿ, ನ್ಯಾಯಾಧೀಶನು ಅದನ್ನು ತಿರುಚದೆ ಪ್ರಜಾಪ್ರತಿನಿಧಿಗಳಿಗೆ ಬಿಡಬೇಕು. 1951ರಲ್ಲಿ ಆದುದು ಇದು. ಮೂಲದ ಪ್ರಾಣವನ್ನೇ ಕೀಳುವಲ್ಲಿ ಎರಡಕ್ಕೂ ಅಧಿಕಾರವಿಲ್ಲ. ಎಡನೀರಿನ ಪಾಠ ಇದು. ಈ ಮೂರನೆಯ ನಿಯಮವು ಸಂಸತ್ತಿಗೆಷ್ಟೋ ನ್ಯಾಯಾಧೀಶರಿಗೂ ಅಷ್ಟೇ ಸಲ್ಲತಕ್ಕದ್ದು. ಮೂಲವನ್ನು ಮರೆತ ಭಾಷ್ಯವು ತಿದ್ದುಪಡಿಗಿಂತಲೂ ಅಪಾಯಕರವಾದುದು. ಅದು ಯಾರ ಮತವನ್ನೂ ಕೇಳದೆ ಬರುತ್ತದೆ.

ಕೊನೆಯದಾಗಿ ಮಠಗಳ ಭಕ್ತರು ಯೋಚಿಸಬೇಕಾದ ಮಾತೊಂದುಂಟು. ಧರ್ಮದ ಅವಶ್ಯವಾದ ಅಂಗವಾವುದೆಂದು ಶೀರೂರಿನ ತೀರ್ಪಿನ ಬಳಿಕ ನ್ಯಾಯಾಲಯಗಳು ಕೇಳುತ್ತವೆ. ಆ ಧರ್ಮದ ಸಿದ್ಧಾಂತವನ್ನು ನೋಡಿ ಹೇಳಬೇಕೆಂದಾಗ, ಹೇಳಬಲ್ಲವರು ಯಾರು? ತನ್ನ ಶಾಸ್ತ್ರವನ್ನು ಓದದ, ತನ್ನ ಆಚಾರದ ಅರ್ಥವನ್ನು ತಿಳಿಯದ ಶಿಷ್ಯವರ್ಗವು ನ್ಯಾಯಾಧೀಶನ ಮುಂದೆ ಮೂಕವಾಗಿ ನಿಲ್ಲಬೇಕಾಗುವುದು. ಆಗ ಹೊರಗಿನವರು ಹೇಳಿದುದೇ ಧರ್ಮವಾಗುವುದು. ಆದುದರಿಂದ ಪಾಠಶಾಲೆಯ ದೀಪವು ಆರದಂತೆ ಕಾಯುವುದು ಕೂಡ ರಾಜ್ಯಾಂಗವು ಕೊಟ್ಟ ಹಕ್ಕನ್ನು ಉಳಿಸಿಕೊಳ್ಳುವ ಸಾಧನವೇ ಆಗಿದೆ.

ಎಡನೀರಿನ ಶ್ರೀಗಳಿಗೆ ಆ ವ್ಯಾಜ್ಯದಿಂದ ಲಭಿಸಿದುದೇನು? 29ನೆಯ ತಿದ್ದುಪಡಿಯು ಊರ್ಜಿತವಾಗಿಯೇ ಉಳಿಯಿತು. ಭೂಮಿಯ ವಿಷಯದಲ್ಲಿ ಅವರು ಬಯಸಿದ ಪರಿಹಾರವು ದೊರೆಯಲಿಲ್ಲ. ಈಚೆಯ ಕರ್ಣಾಟಕದಲ್ಲಿಯೂ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಗಳು ಸರ್ಕಾರಕ್ಕೆ ಸೇರಿ, ಊರಿನವರು ಡಿಕ್ಲರೇಶನ್ ಎಂದೇ ಕರೆದ ಅರ್ಜಿಯನ್ನು ಕೊಟ್ಟ ಒಕ್ಕಲುಗಳು ತಾವು ಉತ್ತ ನೆಲಕ್ಕೆ ಒಡೆಯರಾದರು. ಮಠಗಳ ಉಗ್ರಾಣಗಳಿಗೆ ಮುಡಿಯಕ್ಕಿ ಬರುವುದು ನಿಂತಿತು. ಆದರೂ ದಾಸೋಹವು ನಿಲ್ಲಲಿಲ್ಲ. ಗೇಣಿಯಿಂದ ನಡೆಯುತ್ತಿದ್ದುದು ಭಕ್ತಿಯಿಂದ ನಡೆಯಿತು. 2020ನೆಯ ಇಸವಿ ಸೆಪ್ಟೆಂಬರ್ 6ರಂದು ಶ್ರೀ ಕೇಶವಾನಂದ ಭಾರತಿಯವರು ಬ್ರಹ್ಮೀಭೂತರಾದಾಗ, ದೇಶದ ನ್ಯಾಯವೇತ್ತರೆಲ್ಲರೂ ಅವರ ಹೆಸರನ್ನು ಗೌರವದಿಂದ ಸ್ಮರಿಸಿದರು. ಒಬ್ಬ ಯತಿಯು ತನ್ನ ಮಠಕ್ಕಾಗಿ ಬೇಡಿದುದು ಮಠಕ್ಕೆ ಸಿಗದೆ, ಬೇಡದಿದ್ದ ದೊಡ್ಡದೊಂದು ರಕ್ಷೆಯು ಸಮಸ್ತ ಪ್ರಜೆಗಳಿಗೆ ಸಿಕ್ಕಿತು. ನೆಲವನ್ನು ಪಡೆದ ಒಕ್ಕಲಿಗೂ, ಕಳೆದುಕೊಂಡ ಮಠಕ್ಕೂ ಆ ರಕ್ಷೆಯು ಸಮವಾದುದು. ಮಠದ ಸಂಪತ್ತು ಲೋಕಕ್ಕೆ ಸಲ್ಲಬೇಕೆಂಬ ಮಾತಿಗೆ ಇದಕ್ಕಿಂತ ಸಾರ್ಥಕವಾದ ಭಾಷ್ಯವು ಬೇರೊಂದಿರಲಾರದು.

ಸರ್ವರಿಗೂ ಸನ್ಮಂಗಳವಾಗಲಿ. ಇತಿ ಶಿವಮ್.